ನಾಳೆಗೆ ಆಟೋ ಹೇಳ್ಬಿಡಿ ಅಮ್ಮಾ

ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದೆ. ಬೆಳಗಿನ ಏಳೂವರೆ ಇರಬಹುದು. ಪಕ್ಕದಲ್ಲಿಟ್ಟಿದ್ದ ಫೋನು ಹೊಡೆದುಕೊಂಡಿತು. ನೋಡಿದರೆ ‘ಕಾರ್ ಫೋರ್‌ಮನ್’ ಎಂದು ಬಂತು. ಸರ್ವೀಸಿಗೆ ಬಿಡುವ ದಿನ ಹತ್ತಿರ ಬಂದಿರಬೇಕು, ನೆನಪಿಸಲು ಮಾಡಿದ್ದಾರೆ ಅಂದುಕೊಂಡು, ಧೂಳು ಕೈಯನ್ನು ಸೆರಗಿಗೆ ಒರೆಸಿ ಎತ್ತಿದೆ. ಆ ಕಡೆ ಹೆಣ್ಣು ಧ್ವನಿ.

“ಆಂಟಿ, ನಾನು ಅವರ ಮಗಳು ಮಾತಾಡ್ತಿರೋದು. ಅಪ್ಪ ಬೆಳಗಿನ ಜಾವ ಹೋಗ್ಬಿಟ್ರು ಆಂಟಿ. ಹಾಲು ಕರೆಯೋಕೆ ಅಂತ ಕೊಟ್ಟಿಗೆಗೆ ಹೋದೋರು ಅಲ್ಲೇ ಕೂತ್ಬಿಟ್ರು. ಅಪ್ಪನ ಫೋನಲ್ಲಿ ಹೆಸರಿರೋರಿಗೆಲ್ಲ ಹೇಳ್ತಿದೀನಿ. ಹನ್ನೆರಡು ಗಂಟೆಗೆ ಎತ್ತುತೀವಿ.”

ಏನಂದೆನೋ ನೆನಪಿಲ್ಲ. ಫೋನು ಕೆಳಗಿಟ್ಟ ಮೇಲೆ ಕಣ್ಣ ಮುಂದೆ ಮೊದಲು ಬಂದದ್ದು ಫೋರ್‌ಮನ್ನರ ಕತ್ತು. ಬಲಕ್ಕೆ ವಾಲಿದ ಕತ್ತು. ಮೂವತ್ತು ವರ್ಷ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ಇಂಜಿನ್ನಿನ ಸದ್ದು ಕೇಳಿ ಕೇಳಿ ಅದು ಹಾಗೇ ನಿಂತುಬಿಟ್ಟಿತ್ತಂತೆ. ನೆಟ್ಟಗೆ ನಿಂತಾಗಲೂ ಬಲಗಿವಿಗೂ ಹೆಗಲಿಗೂ ನಾಲ್ಕು ಬೆರಳು ಅಂತರ. ಎದುರಿಗಿದ್ದವರಿಗೆ, ಈ ಮನುಷ್ಯ ನನ್ನ ಮಾತನ್ನು ಎಷ್ಟು ಗಮನವಿಟ್ಟು ಕೇಳುತ್ತಿದ್ದಾರಲ್ಲ ಅನ್ನಿಸುತ್ತಿತ್ತು. ನನಗೂ ಮೊದಲ ದಿನ ಹಾಗೇ ಅನ್ನಿಸಿತು. ಆಮೇಲೆ ತಿಳಿಯಿತು, ನಿಜವಾಗಿಯೂ ಕೇಳುತ್ತಿದ್ದರು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯ್ಗೆಯ ಮನೆ. ಹಿಂದುಗಡೆ ಶೆಡ್ಡಿನಲ್ಲಿ ಆರು ಮಗ್ಗ. ಯಜಮಾನರು ಬೆಳಗಾಗೆದ್ದು ಅಲ್ಲಿಗೆ ಹೋದರೆ ಊಟಕ್ಕೆ ಮಾತ್ರ ಈಚೆ ಬರುವವರು. ನಮಗೆ ಕಾರಿನ ಆಸೆ ಇರಲಿಲ್ಲ. ನಮ್ಮತ್ತೆಯ ಎರಡೂ ಕಿಡ್ನಿ ಸೋತು, ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಯಲಹಂಕದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು ಅಂದಾಗ ತೆಗೆದುಕೊಂಡದ್ದು. ಮಗ್ಗ ಬಿಟ್ಟು ಬರಲು ಯಜಮಾನರಿಗೆ ಆಗದು. ಹಾಗಾಗಿ ನಲವತ್ತಾರನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಮೊದಲ ದಿನ ಹಿಂದಿನ ಸೀಟಿನಲ್ಲಿ ಕೂತ ಅತ್ತೆ, “ಕಿಡ್ನಿ ಹೋಗಿ ಸಾಯಾಕೆ ಇನ್ನಾ ಟೈಮೈತೆ. ನೀನು ಇವತ್ತೇ ಮುಗುಸ್ತೀಯೇನೇ?” ಅಂದರು. ಏನೂ ಆಗಲಿಲ್ಲ. ಎರಡು ಆಯುಧಪೂಜೆ ಕಳೆಯಿತು. ದೇವರು ದೊಡ್ಡವನು.

ಎರಡನೇ ಆಯುಧಪೂಜೆ ಆಗಿ ಮೂರು ವಾರಕ್ಕೆ ಕಾರು ನಿಂತುಹೋಯಿತು. ಬೀಗದ ಕೈ ತಿರುಗಿಸಿದರೆ ಹಳದಿ ದೀಪವೊಂದು ಹತ್ತುತ್ತದೆ, ಸದ್ದಿಲ್ಲ. ಮೂರು ವರ್ಷದ ವಾರಂಟಿ ಇತ್ತು. ಟೋ ಮಾಡುವ ಗಾಡಿ ಬಂದು ಯಲಹಂಕ ರಸ್ತೆಯ ಸರ್ವೀಸ್ ಸೆಂಟರಿಗೆ ಎಳೆದುಕೊಂಡು ಹೋಯಿತು. ಅಲ್ಲಿ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ಕೂರುವವರೊಬ್ಬರಿದ್ದರು. ಬಾಯಿ ತುಂಬ ನಗು.

“ಮೇಡಂ, ಇಂಜಿನ್ನಿನ ಕಂಪ್ಯೂಟರ್ ಹೋಗಿದೆ. ವಾರಂಟೀಲಿ ಬರುತ್ತೆ, ನಿಮಗೆ ಒಂದು ರೂಪಾಯಿ ಖರ್ಚಿಲ್ಲ. ನಾಳೆ ಕಂಪನಿ ಇನ್‌ಸ್ಪೆಕ್ಟರ್ ಬರ್ತಾರೆ, ನಾಡಿದ್ದು ಪಾರ್ಟ್ ಬರುತ್ತೆ. ಶುಕ್ರವಾರ ಬೆಳಗ್ಗೆ ಗಾಡಿ ನಿಮ್ಮನೆ ಮುಂದೆ ಇರುತ್ತೆ. ಹಂಡ್ರೆಡ್ ಪರ್ಸೆಂಟ್.”

ಈ ಮಾತು ನಂಬಿ, ಶುಕ್ರವಾರಕ್ಕೆ ಹೇಳಿದ್ದ ಆಟೋದವನಿಗೆ ಬೇಡ ಅಂದುಬಿಟ್ಟೆ. ಶುಕ್ರವಾರ ಬೆಳಗ್ಗೆ ಫೋನು ಮಾಡಿದರೆ, “ಮೇಡಂ, ನಾಳೆ.” ಆಟೋದವನು ಅಷ್ಟರಲ್ಲಿ ಬೇರೆ ಬಾಡಿಗೆ ಹಿಡಿದಿದ್ದ. ಬಸ್ಸಿನಲ್ಲೇ ಹೋದೆವು. ಹೋಗುವಾಗ ಹೇಗೋ ಆಯಿತು. ಬರುವಾಗ ರಾಜಾನುಕುಂಟೆ ದಾಟುತ್ತಿದ್ದಂತೆ ಅತ್ತೆಯ ಕೈ ತಣ್ಣಗಾಯಿತು. “ಕಣ್ಣಿಗೆ ಕತ್ಲೆ ಕಟ್ತೈತೆ” ಅಂದವರು ನನ್ನ ತೊಡೆಯ ಮೇಲೆ ಬಿದ್ದುಬಿಟ್ಟರು. ಕಂಡಕ್ಟರು ಬಸ್ಸು ನಿಲ್ಲಿಸಿದ. ಹಿಂದಿನ ಸೀಟಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎದ್ದು, ಅವರನ್ನು ಉದ್ದಕ್ಕೆ ಮಲಗಿಸಿ, ಕಾಲೆತ್ತಿ ಹಿಡಿದರು. ಒಬ್ಬಳು ತನ್ನ ಊಟದ ಡಬ್ಬಿಯ ಮುಚ್ಚಳದಿಂದ ಗಾಳಿ ಹಾಕಿದಳು. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟರು. ಆ ಹತ್ತು ನಿಮಿಷ ನಾನು ಘಾಟಿ ಸುಬ್ರಹ್ಮಣ್ಯನನ್ನು ಎಷ್ಟು ಸಲ ಕೂಗಿದೆನೋ ಅವನಿಗೇ ಗೊತ್ತು. ಕಂಡಕ್ಟರನ ರೂಪದಲ್ಲಿ, ಆ ಮಕ್ಕಳ ರೂಪದಲ್ಲಿ ಬಂದು ನಿಂತ. ಅದನ್ನು ನಾನು ಮರೆಯುವುದಿಲ್ಲ.

ಮಾರನೆಯ ದಿನ ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಸರ್ವೀಸ್ ಸೆಂಟರಿಗೆ ಹೋದೆ. ನಾನು ಜಗಳಗಂಟಿಯಲ್ಲ. ಆವತ್ತು ಮಾತ್ರ ಕೌಂಟರಿನ ಮುಂದೆ ನಿಂತು ಕೂಗಾಡಿದೆ.

“ನಾಳೆ ನಾಳೆ ಅಂತೀರಲ್ರೀ, ಯಾವ ನಾಳೆ? ನಿಮ್ಮ ನಾಳೆ ನಂಬಿ ಆಟೋ ಬೇಡ ಅಂದು, ಡಯಾಲಿಸಿಸ್ ಆದ ನಮ್ಮತ್ತೇನ ಬಸ್ಸಲ್ಲಿ ಕಳ್ಕೋತಿದ್ದೆ!”

ಟೈನವರು “ಮೇಡಂ, ಕೂಲ್ ಆಗಿ, ಕೂತ್ಕೊಳ್ಳಿ, ಕಾಫಿ ತರಿಸ್ತೀನಿ” ಅನ್ನುತ್ತಿದ್ದಾಗ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗಿನಿಂದ ಬಂದವರೇ ಈ ಫೋರ್‌ಮನ್. ನೀಲಿ ಅಂಗಿ, ವಾಲಿದ ಕತ್ತು. ನನ್ನ ಕೂಗಾಟವನ್ನು ಪೂರ್ತಿ ಕೇಳಿಸಿಕೊಂಡರು. ನನ್ನ ಉಸಿರು ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಡಯಾಲಿಸಿಸ್ ಯಾವ್ಯಾವ ದಿನ ಅಮ್ಮಾ?”

“ಮಂಗಳವಾರ, ಶುಕ್ರವಾರ.”

“ಆಟೋದವನಿಗೆ ಎಷ್ಟೊತ್ತಿಗೆ ಹೇಳಿದ್ರೆ ಬರ್ತಾನೆ?”

“ಹಿಂದಿನ ದಿನ ಸಾಯಂಕಾಲ ಹೇಳಿದ್ರೆ ಬರ್ತಾನೆ.”

“ಸರಿ. ಸೋಮವಾರ, ಗುರುವಾರ, ಸಾಯಂಕಾಲ ಆರು ಗಂಟೆಗೆ ನಾನೇ ಫೋನ್ ಮಾಡ್ತೀನಿ. ಗಾಡಿ ಇದ್ರೆ ಇದೆ ಅಂತೀನಿ, ಇಲ್ಲದಿದ್ರೆ ಇಲ್ಲ ಅಂತೀನಿ. ಇವ್ರು ಹೇಳೋದು ಇನ್ಮೇಲೆ ಕೇಳ್ಬೇಡಿ.”

ಟೈನವರು ಮುಖ ಚಿಕ್ಕದು ಮಾಡಿದರು. ಫೋರ್‌ಮನ್ ಅದನ್ನು ನೋಡಲೂ ಇಲ್ಲ. ಅವರ ಮಾತು ಹಾಗೆಯೇ. ಒರಟು. ಇನ್ನೊಂದು ಕೆಟ್ಟ ಗುಣವೂ ಇತ್ತು, ಈಗಲೇ ಹೇಳಿಬಿಡುತ್ತೇನೆ. ನಾವು ಮಾಡಿದರೆ ಫೋನು ಎತ್ತುತ್ತಿರಲಿಲ್ಲ. ಎಷ್ಟು ಸಲ ಮಾಡಿದರೂ ಅಷ್ಟೆ. ತಾವಾಗಿ ಮಾಡುವುದು ಮಾತ್ರ. ಅದರಿಂದ ಎಷ್ಟೋ ಜನ ಅವರನ್ನು ದುರಹಂಕಾರಿ ಅನ್ನುತ್ತಿದ್ದರು.

“ಬನ್ನಿ, ನಿಮಗೊಂದು ತೋರಿಸ್ಬೇಕು” ಎಂದು ಒಳಗೆ ಕರೆದುಕೊಂಡು ಹೋದರು.

ನಮ್ಮ ಕಾರಿನ ಬಾನೆಟ್ಟು ತೆರೆದಿತ್ತು. ಟಾರ್ಚು ಬಿಟ್ಟು ತೋರಿಸಿದರು. ನಡುವೆ ಒಂದು ಕಪ್ಪು ಡಬ್ಬಿ. ಅದರ ನೆತ್ತಿಯಿಂದ ನಾಲ್ಕೂ ಕಡೆಗೆ ಹಳದಿ ಕಲೆ ಇಳಿದು ಒಣಗಿತ್ತು. ಸಂದಿಯಲ್ಲಿ ಕುಂಕುಮ. ಒಂದು ತುಳಸಿ ದಳ ಅಂಟಿಕೊಂಡು ಕರಿದಾಗಿತ್ತು.

“ಇದು ಯಾವ ದೇವರ ಪೂಜೆ ಅಮ್ಮಾ?”

ಆಯುಧಪೂಜೆಯ ದಿನ ಯಜಮಾನರು ಆರು ಮಗ್ಗಕ್ಕೂ ಪೂಜೆ ಮಾಡಿ ಒಳಗೆ ಹೋಗಿದ್ದರು. ಕಾರಿನ ಪೂಜೆ ನನ್ನದು. ಕಲಶದ ನೀರನ್ನು ಮಾವಿನೆಲೆಯಲ್ಲಿ ಸುತ್ತ ಪ್ರೋಕ್ಷಣೆ ಮಾಡಿದ ಮೇಲೂ ಚೊಂಬಿನಲ್ಲಿ ಅರ್ಧ ಉಳಿದಿತ್ತು. ಅರಿಶಿನ ಕುಂಕುಮ ಬಿದ್ದ ನೀರನ್ನು ಜನ ತುಳಿಯುವ ಕಡೆ ಚೆಲ್ಲಬಾರದು. ತುಳಸಿಕಟ್ಟೆಗೆ ಹಾಕೋಣ ಅಂದರೆ ಬೆಳಗಿನ ನೀರೇ ಇಂಗಿರಲಿಲ್ಲ, ಹಾಕಿದರೆ ಅಂಗಳಕ್ಕೆ ಹರಿಯುತ್ತಿತ್ತು. ಬಾನೆಟ್ಟು ತೆರೆದೇ ಇತ್ತು. ಒಳಗೆ ನೋಡಿದೆ. ಎಲ್ಲ ತಂತಿಗಳೂ ಬಂದು ಸೇರುವ ಜಾಗದಲ್ಲಿ ಈ ಕಪ್ಪು ಡಬ್ಬಿ ಗರ್ಭಗುಡಿಯ ಮೂರ್ತಿಯ ಹಾಗೆ ಕೂತಿತ್ತು. ಇದೇ ಮುಖ್ಯ ಅಂದುಕೊಂಡು, ವರ್ಷವಿಡೀ ಅತ್ತೆಯನ್ನು ಕಾಪಾಡಪ್ಪ ಎಂದು ಕೈ ಮುಗಿದು, ಅರ್ಧ ಚೊಂಬನ್ನೂ ಅದರ ನೆತ್ತಿಗೆ ಹುಯ್ದಿದ್ದೆ.

ತೊದಲುತ್ತಾ ಇಷ್ಟನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಕತ್ತನ್ನು ಇನ್ನೊಂಚೂರು ವಾಲಿಸಿ ಡಬ್ಬಿಯನ್ನೇ ನೋಡಿದರು.

“ದೇವರನ್ನ ಸರಿಯಾಗೇ ಗುರುತು ಹಿಡಿದಿದ್ದೀರ. ಇಡೀ ಗಾಡಿಗೆ ಇದೇ ಮುಖ್ಯ. ಆದ್ರೆ ಇದಕ್ಕೆ ಅಭಿಷೇಕ ಆಗಲ್ಲ ಅಮ್ಮಾ.”

ಹಿಂದಿನಿಂದ ಬಂದಿದ್ದ ಟೈನವರು ನೋಡಿ ಹೌಹಾರಿದರು. “ಅಯ್ಯೋ, ಇನ್‌ಸ್ಪೆಕ್ಟರ್ ನೋಡಿದ್ರೆ ಮುಗೀತು! ನೀರು ಹೋಗಿದೆ ಅಂತ ಬರೆದು ವಾರಂಟಿ ರಿಜೆಕ್ಟ್ ಮಾಡ್ತಾರೆ. ಸ್ಪ್ರೇ ಹೊಡೆದು ಒರೆಸ್ಬಿಡಿ ಸಾರ್. ಎರಡು ನಿಮಿಷದ ಕೆಲಸ.”

ವಾರಂಟಿ ಹೋದರೆ ಹೊಸ ಡಬ್ಬಿ ನಾವು ಹಾಕಿಸಬೇಕು. ಅಷ್ಟನ್ನು ಒಟ್ಟಿಗೆ ತೆಗೆಯುವ ಶಕ್ತಿ ನಮಗಿರಲಿಲ್ಲ. ಅಂದರೆ ಕಾರು ಅಲ್ಲೇ ನಿಲ್ಲುತ್ತದೆ, ಆಟೋ ಬಾಡಿಗೆ ಎಷ್ಟು ದಿನ ಕೊಟ್ಟೇವು, ಅತ್ತೆ ಮತ್ತೆ ಬಸ್ಸಿನಲ್ಲಿ ಹೋಗಬೇಕು. ಒರೆಸಿಬಿಡಲಿ ಅಂತ ನನ್ನ ಮನಸ್ಸು ಕೂಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಫೋರ್‌ಮನ್ “ಮುಟ್ಬೇಡಿ” ಅಂದರು. “ಒರೆಸಿದ್ರೂ ಎಲ್ಲೋ ಒಂದು ಕಡೆ ಹಳದಿ ಉಳಿಯುತ್ತೆ. ಆಗ ಒರೆಸಿದ್ದೇ ದೊಡ್ಡ ತಪ್ಪಾಗುತ್ತೆ. ನೀರು ಒಳಗೆ ಹೋಗಿದೆಯೋ ಇಲ್ಲವೋ ನನಗೂ ಗೊತ್ತಿಲ್ಲ. ಇನ್‌ಸ್ಪೆಕ್ಟರ್ ಮುಂದೇನೇ ಬಿಚ್ಚೋಣ. ಅಮ್ಮಾ, ಯಾವತ್ತು, ಎಷ್ಟು, ಎಲ್ಲಿ ಹುಯ್ದಿರಿ ಅಂತ ನಿಮ್ಮ ಕೈಯಲ್ಲೇ ಬರೆದುಕೊಡಿ.”

“ಒಳಗೆ ಹೋಗಿದ್ರೆ?”

“ಹೋಗಿದ್ರೆ ತಪ್ಪು ನಿಮ್ಮದು. ನಾನೂ ಹಾಗೇ ಹೇಳ್ತೀನಿ. ಹೋಗದೆ ಇದ್ರೆ ಅದನ್ನೂ ಹೇಳ್ತೀನಿ.”

ಮನೆಗೆ ಬಂದು ಹೇಳಿದಾಗ ಯಜಮಾನರು ಮಗ್ಗದ ಸದ್ದನ್ನೂ ಮೀರಿ ಕೂಗಿದರು. “ನಿಂಗೆ ತಲೆ ಐತೇನೇ? ಒರೆಸ್ತೀನಿ ಅಂದೋನ ಕೈ ಹಿಡ್ಕೊಳೋದು ಬಿಟ್ಟು ಬರ್ಕೊಡ್ತೀಯಾ? ಒಬ್ಬಳು ಹುಯ್ದಳು, ಇನ್ನೊಬ್ಬನು ಬರಿ ಅಂದ. ಚೆನ್ನಾಗಿ ಸೇರ್ಕೊಂಡಿದ್ದೀರಿ!”

ಮಂಚದ ಮೇಲಿಂದ ಅತ್ತೆ ಅಂದರು, “ಬರ್ಕೊಡ್ಲಿ ಬಿಡ್ಲಾ. ದೇವ್ರಿಗೆ ಮಾಡಿದ್ದನ್ನ ಮಾಡೇ ಇಲ್ಲ ಅಂತ ಹೇಳಾಕಾಯ್ತದಾ? ಬಸ್ಸಲ್ಲಿ ಹೋಗೋಳು ನಾನು. ನಾನೇ ಸುಮ್ಕಿವ್ನಿ, ನಿಂದೇನು?”

ಬರೆದುಕೊಟ್ಟೆ. ಅರ್ಧ ಪುಟ. ಕೆಳಗೆ ಸಹಿ ಹಾಕಿದೆ.

ನಾಳೆ ಬರುತ್ತಾರೆ ಅಂದಿದ್ದ ಇನ್‌ಸ್ಪೆಕ್ಟರ್ ಬಂದದ್ದು ನಾನು ಬರೆದುಕೊಟ್ಟ ಮೇಲೆ ಹನ್ನೊಂದು ದಿನಕ್ಕೆ. ಅಲ್ಲಿಯವರೆಗೆ ಫೋರ್‌ಮನ್ ಏನು ಮಾಡಿದರು ಅನ್ನುವುದು ನನಗೆ ಆಮೇಲೆ ತಿಳಿಯಿತು. ಅಪಘಾತವಾಗಿ ಗುಜರಿಗೆ ಹೋಗಲು ನಿಂತಿದ್ದ, ನಮ್ಮದೇ ನಮೂನೆಯ ಕಾರೊಂದು ಹಿತ್ತಲಲ್ಲಿತ್ತು. ಅದರಲ್ಲೂ ಅದೇ ಕಪ್ಪು ಡಬ್ಬಿ. ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಅರ್ಧ ಚೊಂಬು ನೀರಿಗೆ ಅರಿಶಿನ ಕಲಸಿ ಅದರ ನೆತ್ತಿಗೆ ಹುಯ್ಯುತ್ತಿದ್ದರು. ಹನ್ನೊಂದು ದಿನವೂ. ವರ್ಕ್‌ಶಾಪಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರಂತೆ. “ಸಾರ್, ಮಂಗಳಾರತಿ ಯಾವಾಗ?” “ಸಾರ್, ಪ್ರಸಾದಕ್ಕೆ ಪುಳಿಯೋಗರೆ ಮಾಡ್ಸಿ” ಅಂತ ಗೇಲಿ ಬೇರೆ. ಇವರು ಕತ್ತು ವಾಲಿಸಿಕೊಂಡು ಚೊಂಬು ಖಾಲಿ ಮಾಡಿ, ಅವತ್ತಿನ ದಿನವನ್ನು ಪುಸ್ತಕದಲ್ಲಿ ಬರೆದು, ಇಬ್ಬರ ಕೈಲಿ ಸಹಿ ಹಾಕಿಸಿ, ತಮ್ಮ ಕೆಲಸಕ್ಕೆ ಹೋಗುತ್ತಿದ್ದರಂತೆ.

ಇನ್‌ಸ್ಪೆಕ್ಟರ್ ಬಂದ ದಿನ ನನ್ನನ್ನೂ ಕರೆಸಿದರು. ನಮ್ಮ ಡಬ್ಬಿಯ ತಂತಿಗಳ ಸಾಕೆಟ್ಟನ್ನು ಎಲ್ಲರೆದುರು ಎಳೆದು ತೆಗೆದರು. ಸಾಕೆಟ್ಟಿನ ಬಾಯಿಗೆ ಸುತ್ತ ಒಂದು ರಬ್ಬರಿನ ಬಳೆ. ಬಳೆಯ ಈಚೆಗೆ ಹಳದಿ. ಆಚೆಗೆ, ಒಳಗೆ, ಸೂಜಿಯಂಥ ಕಡ್ಡಿಗಳು ಹೊಸದರ ಹಾಗೆ ಹೊಳೆಯುತ್ತಿದ್ದವು. ನಾನು ಅಲ್ಲೇ ಕೈ ಮುಗಿದೆ. ಆದರೆ ಇನ್‌ಸ್ಪೆಕ್ಟರ್ ನನ್ನ ಅರ್ಧ ಪುಟ ಹಿಡಿದುಕೊಂಡಿದ್ದರು.

“ಕಸ್ಟಮರೇ ನೀರು ಹುಯ್ದೆ ಅಂತ ಬರೆದುಕೊಟ್ಟಿದ್ದಾರಲ್ರೀ. ರಿಜೆಕ್ಟ್ ಮಾಡೋಕೆ ಇದೊಂದೇ ಸಾಕು. ಮೇಲಿನವರಿಗೆ ನಾನೇನು ಹೇಳ್ಲಿ?”

ನನ್ನ ಸತ್ಯ ನನ್ನ ಕುತ್ತಿಗೆಗೇ ಬಂತಲ್ಲಪ್ಪ ಅಂದುಕೊಂಡೆ. ಫೋರ್‌ಮನ್ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಗುಜರಿ ಕಾರಿನ ಡಬ್ಬಿಯನ್ನು ತೋರಿಸಿದರು. ಅದು ಅರಿಶಿನದ ಗಣಪನಾಗಿತ್ತು. ಸಾಕೆಟ್ಟು ಎಳೆದರು. ಒಳಗೆ ಒಣ. ಪುಸ್ತಕ ತೋರಿಸಿದರು.

“ಸಾರ್, ಹನ್ನೊಂದು ದಿನ ಹುಯ್ದಿದ್ದೀನಿ, ಒಂದು ತೊಟ್ಟು ಒಳಗೆ ಹೋಗಿಲ್ಲ. ಆಯಮ್ಮ ಹುಯ್ದಿದ್ದು ಒಂದೇ ದಿನ. ಡಬ್ಬಿ ಕೆಟ್ಟಿದ್ದು ಅದರ ಹಣೆಬರಹಕ್ಕೆ.”

“ಅದು ಸರಿ. ಆದ್ರೆ ಈ ಲೆಟರ್...”

“ಲೆಟರ್ ಬರೀದೆ ಇದ್ದಿದ್ರೆ ಪಾಸ್ ಮಾಡ್ತಿದ್ರಿ, ಅಲ್ವಾ? ಹಂಗಾದ್ರೆ ಆಯಮ್ಮ ಮಾಡಿದ ತಪ್ಪು ನಿಜ ಬರೆದಿದ್ದು. ನಿಜ ಹೇಳಿದೋರಿಗೆ ನೀವು ಹಿಂಗೆ ಮಾಡಿದ್ರೆ, ನಾಳೆಯಿಂದ ಯಾರೂ ನನ್ನ ಹತ್ರ ನಿಜ ಹೇಳಲ್ಲ ಸಾರ್. ಗಾಡಿಗೆ ಏನಾಯ್ತು ಅಂತ ನಿಜ ಗೊತ್ತಾಗದೆ ನಾನು ರಿಪೇರಿ ಹೆಂಗೆ ಮಾಡ್ಲಿ? ನೀವೇ ಹೇಳಿ.”

ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಆ ಹಳದಿ ಡಬ್ಬಿಯನ್ನು ನೋಡಿದರು. ಆಮೇಲೆ ನಕ್ಕುಬಿಟ್ಟರು. “ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥ ಟೆಸ್ಟ್ ನೋಡಿರಲಿಲ್ಲ ಕಣ್ರೀ” ಎಂದು ಸಹಿ ಹಾಕಿದರು.

ಮುಗಿಯಿತು ಅಂದುಕೊಂಡೆ. ಎಲ್ಲಿ? ಒಪ್ಪಿಗೆ ಸಿಕ್ಕಿತು, ಡಬ್ಬಿ ಬರಬೇಕಲ್ಲ. ಅದು ಎಲ್ಲಿಂದಲೋ ಹಡಗಿನಲ್ಲಿ ಬರಬೇಕಂತೆ, ಆಮೇಲೆ ಯಾವುದೋ ಗೋದಾಮಿಗೆ, ಅಲ್ಲಿಂದ ಇಲ್ಲಿಗೆ. ಕಾರ್ತೀಕ ಹೋಯಿತು. ಮಾರ್ಗಶಿರ ಹೋಯಿತು. ಘಾಟಿಯಲ್ಲಿ ದನಗಳ ಜಾತ್ರೆ ಸೇರಿ ಮುಗಿಯಿತು. ಸಂಕ್ರಾಂತಿಯ ಎಳ್ಳು ಬೀರಿದೆವು. ಡಬ್ಬಿ ಬರಲಿಲ್ಲ.

ಆದರೆ ಸೋಮವಾರ ಮತ್ತು ಗುರುವಾರ ಸಂಜೆ ಆರು ಗಂಟೆಗೆ, ನಾನು ದೇವರ ಮುಂದೆ ದೀಪ ಹಚ್ಚಿ ಈಚೆ ಬರುವುದಕ್ಕೂ ಫೋನು ಬರುವುದಕ್ಕೂ ಸರಿಹೋಗುತ್ತಿತ್ತು. “ಅಮ್ಮಾ, ಬಂದಿಲ್ಲ. ಎಲ್ಲಿದೆ ಅಂತ ನನಗೂ ಗೊತ್ತಿಲ್ಲ. ನಾಳೆಗೆ ಆಟೋ ಹೇಳ್ಬಿಡಿ ಅಮ್ಮಾ.” ಇಷ್ಟೆ. ಫೋನು ಇಟ್ಟುಬಿಡುವರು. ಮೊದಮೊದಲು ಸಿಟ್ಟು ಬರುತ್ತಿತ್ತು, ಬಂದಿಲ್ಲ ಅನ್ನುವುದಕ್ಕೂ ಫೋನು ಮಾಡಬೇಕಾ ಅಂತ. ನಾಲ್ಕನೇ ವಾರಕ್ಕೆ ಆ ಮಾತಿನ ಬೆಲೆ ತಿಳಿಯಿತು. ಆ ಶುಕ್ರವಾರದ ಮೇಲೆ ಒಂದು ದಿನವೂ ಅತ್ತೆ ಬಸ್ಸು ಹತ್ತಲಿಲ್ಲ. ಆಟೋ ಬಾಗಿಲಲ್ಲಿ ಇರುತ್ತಿತ್ತು. ಏಕೆಂದರೆ ಇವರು ಒಂದು ಸಲವೂ ಆಸೆ ಹುಟ್ಟಿಸಲಿಲ್ಲ. ಅತ್ತೆಯಂತೂ ಗಡಿಯಾರ ನೋಡುತ್ತಾ, “ಏಯ್, ನಿನ್ನ ಬಂದಿಲ್ಲಪ್ಪ ಫೋನ್ ಮಾಡೋ ಹೊತ್ತಾಯ್ತು” ಅನ್ನುವರು. ನಮ್ಮ ಮನೆಯಲ್ಲಿ ಅವರ ಹೆಸರು ಬಂದಿಲ್ಲಪ್ಪ ಅಂತಲೇ ಆಗಿಹೋಯಿತು.

ಸಂಕ್ರಾಂತಿಯ ಮರುದಿನ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಸರ್ವೀಸ್ ಸೆಂಟರಿಗೆ ಹೋಗಿದ್ದೆ. ಬೆಳಗಿನ ಎಂಟು ಗಂಟೆ. ಕಾಂಪೌಂಡಿನ ಗೋಡೆಯುದ್ದಕ್ಕೂ ಒಂದು ಸಾಲು ಕಾರು ನಿಂತಿದ್ದವು. ಎಲ್ಲವೂ ಬಿಡಿಭಾಗಕ್ಕೆ ಕಾದು ನಿಂತವು. ಫೋರ್‌ಮನ್ ಒಬ್ಬರೇ ಒಂದು ಕಾರಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದರು. ಒಂದು ಗೇಣು ಮುಂದೆ ಹೋಯಿತು, ನಿಲ್ಲಿಸಿದರು. ಚಕ್ರಕ್ಕೆ ಕಲ್ಲು ಕೊಟ್ಟರು. ಮುಂದಿನ ಕಾರಿಗೆ ಹೋದರು.

“ಯಾಕೆ ಸಾರ್ ತಳ್ತಿದ್ದೀರ?”

“ಒಂದೇ ಕಡೆ ನಿಂತ್ರೆ ಟೈರು ಅಡೀಲಿ ಚಪ್ಪಟೆ ಆಗುತ್ತಮ್ಮ. ವಾರಕ್ಕೊಂದ್ಸಲ ಮಗ್ಗುಲು ಬದಲಾಯಿಸ್ಬೇಕು.”

ಬಾನೆಟ್ಟು ಎತ್ತಿ ಇಲಿ ವೈರು ಕಡಿದಿದೆಯಾ ನೋಡಿದರು. ಒಂದೆರಡು ನುಸಿಗುಳಿಗೆ ಎಸೆದರು. ಬ್ಯಾಟರಿಗೆ ಕರೆಂಟು ಕೊಡುವ ದಿನ ಬರೆದ ಚೀಟಿ ಪ್ರತಿ ಗಾಜಿನ ಒಳಗಿತ್ತು. ನಮ್ಮ ಕಾರಿನ ಸೀಟಿನ ಮೇಲೆ ಅತ್ತೆಯ ಶಾಲು ಉಳಿದಿತ್ತು. ಅದನ್ನು ಮಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು.

“ಓಡೋ ಗಾಡಿ ತನ್ನ ಪಾಡು ತಾನು ನೋಡ್ಕೊಳುತ್ತೆ ಅಮ್ಮಾ. ನಿಂತಿರೋದಕ್ಕೇ ಆರೈಕೆ ಜಾಸ್ತಿ ಬೇಕು. ಪಾರ್ಟ್ ಬಂದ ದಿನ ಗಾಡಿ ಚೆನ್ನಾಗಿರ್ಬೇಕಲ್ಲ?”

ಇದು ಅವರ ಕೆಲಸವಲ್ಲ, ಯಾರೂ ಹೇಳಿರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಈ ಕಾರುಗಳು ‘ಪೆಂಡಿಂಗ್’. ಇವರ ಊರು ಘಾಟಿಯ ಹತ್ತಿರ. ಮನೆಯಲ್ಲಿ ನಾಲ್ಕು ಹಸು. ಬೆಳಗ್ಗೆ ಐದಕ್ಕೆ ಹಾಲು ಕರೆದು ಡೈರಿಗೆ ಹಾಕಿ, ದೇವಸ್ಥಾನದ ಮುಂದೆ ಬೈಕು ನಿಲ್ಲಿಸಿ ಕೈ ಮುಗಿದು, ಏಳೂವರೆಗೆಲ್ಲ ಈ ಸಾಲಿನ ಮುಂದೆ ಇರುತ್ತಿದ್ದರು. ಆವತ್ತು ನಾನು ಮನೆಗೆ ಬಂದವಳೇ ಅತ್ತೆಯನ್ನು ಮಗ್ಗುಲು ತಿರುಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದೆ. ಆಟೋ ಬಂತು, ಆಸ್ಪತ್ರೆ ಆಯಿತು, ಊಟ ಆಯಿತು ಎಂದು ನಾನೂ ಅವರನ್ನು ಒಂದು ಕಡೆ ನಿಲ್ಲಿಸಿಬಿಟ್ಟಿದ್ದೆನಲ್ಲ ಅನ್ನಿಸಿತ್ತು. ಆವತ್ತಿನಿಂದ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕೈ ಹಿಡಿದು ಬೀದಿಯ ಕೊನೆಯ ಗಣಪನ ಗುಡಿಯವರೆಗೆ ನಡೆಸತೊಡಗಿದೆ. “ಆ ಬಂದಿಲ್ಲಪ್ಪ ನಿಂಗೆ ಏನೋ ಹೇಳ್ಕೊಟ್ಟವ್ನೆ” ಎಂದು ಬೈಯುತ್ತಲೇ ನಡೆದರು.

ಡಬ್ಬಿ ಬಂದದ್ದು ಮಾಘ ಮಾಸದ ಒಂದು ಗುರುವಾರ. ಸಂಜೆ ಆರಕ್ಕೆ ಫೋನು ಬಂತು.

“ಅಮ್ಮಾ, ಬಂದಿದೆ. ಹಾಕಿದ್ದೀನಿ. ಗಾಡಿ ಸ್ಟಾರ್ಟ್ ಆಯ್ತು.”

ನಾನು “ಸುಬ್ರಹ್ಮಣ್ಯಾ!” ಎಂದು ಕೂಗಿದ್ದಕ್ಕೆ ಅತ್ತೆ ಎದ್ದು ಕೂತರು.

“ಆದ್ರೂ ನಾಳೆಗೆ ಆಟೋ ಹೇಳ್ಬಿಡಿ ಅಮ್ಮಾ.”

“ಯಾಕೆ ಸಾರ್? ಸ್ಟಾರ್ಟ್ ಆಯ್ತು ಅಂದ್ರಲ್ಲ! ನಾನು ಈಗಲೇ ಬರ್ತೀನಿ.”

“ಬರ್ಬೇಡಿ. ನಾನು ಮೂರು ದಿನ ಓಡಿಸಿ ನೋಡ್ದೆ ಕೊಡಲ್ಲ. ಕಾಯಿಲೆ ಮನುಷ್ಯರು ಕೂರೋ ಗಾಡಿ. ರಾಜಾನುಕುಂಟೇಲಿ ಮತ್ತೆ ನಿಂತ್ರೆ ಯಾರನ್ನ ಕೇಳ್ತೀರ?”

ಬೇಡಿಕೊಂಡೆ, ಸಿಟ್ಟು ಮಾಡಿದೆ. ಜಗ್ಗಲಿಲ್ಲ. ಮೂರು ದಿನ ಆ ಕಾರಿನಲ್ಲೇ ತಮ್ಮ ಊರಿಗೆ ಹೋಗಿ ಬಂದು ಮಾಡಿದರಂತೆ. ಮೂರನೆಯ ದಿನ ಹಿಂದಿನ ಸೀಟಿನಲ್ಲಿ ತಮ್ಮ ಹೆಂಡತಿಯನ್ನು ಕೂರಿಸಿ, ಎಲ್ಲಿ ಕುಲುಕುತ್ತದೆ ಹೇಳು ಅಂದಿದ್ದರಂತೆ. ಸೋಮವಾರ ಸಂಜೆ ತಾವೇ ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದರು. ಅತ್ತೆ ಬಾಗಿಲಿಗೆ ಬಂದು ನೋಡಿದರು. “ನೀನೇನಪ್ಪಾ ಬಂದಿಲ್ಲಪ್ಪ? ಕತ್ತೇನು ಹಂಗೈತೆ, ದಿಂಬು ಸರಿ ಇಲ್ವಾ?” ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅವರು ಮೊದಲ ಸಲ ಗಟ್ಟಿಯಾಗಿ ನಕ್ಕರು. “ಇಲ್ಲಮ್ಮ, ಈ ಪಾರ್ಟ್ ಎಲ್ಲೂ ಸ್ಟಾಕಿಲ್ವಂತೆ.”

ಅಲ್ಲಿಂದ ಮುಂದಿನ ಆಯುಧಪೂಜೆಗೆ ಗಂಡಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದೆ. ಬಂದರು. ನಾನು ಕಲಶ ಹಿಡಿದು ಕಾರಿನ ಹತ್ತಿರ ಹೋದಾಗ, ಒಳಗೆ ಕೂತಿದ್ದವರು ಎದ್ದು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಪ್ರೋಕ್ಷಣೆ ಮುಗಿದು, ಉಳಿದ ನೀರನ್ನು ನಾನು ತೆಂಗಿನ ಗಿಡದ ಬುಡಕ್ಕೆ ಹಾಕುವವರೆಗೂ ಕೈ ತೆಗೆಯಲಿಲ್ಲ.

ಇಂಥವರು ಹೋದರು ಎಂದು ಅವರ ಮಗಳು ಫೋನು ಮಾಡಿದ್ದು ಶುಕ್ರವಾರ. ಹನ್ನೆರಡಕ್ಕೆ ಎತ್ತುತ್ತಾರೆ. ಅತ್ತೆಗೆ ಒಂಬತ್ತೂವರೆಗೆ ಡಯಾಲಿಸಿಸ್, ನಾಲ್ಕು ಗಂಟೆ ಹಿಡಿಯುತ್ತದೆ. ಘಾಟಿ ಒಂದು ದಿಕ್ಕು, ಯಲಹಂಕ ಇನ್ನೊಂದು ದಿಕ್ಕು. ಆಟೋದವನಿಗೆ ಹಿಂದಿನ ಸಂಜೆಯೇ ಹೇಳಿರಬೇಕು. ಕಾರು ಓಡಿಸುವವಳು ನಾನೊಬ್ಬಳೇ.

ಅತ್ತೆಗೆ ಹೇಳಿದೆ. ಅವರು ಗೋಡೆಯ ಗಡಿಯಾರ ನೋಡಿದರು. “ಹೋಗಿ ಮುಖ ನೋಡ್ಕೊಂಡು ಬಾ. ಒಂದಿನ ಬಿಟ್ರೆ ನಾನೇನು ಸಾಯಾಕಿಲ್ಲ.”

“ಹಿಂದಿನ ಸಲ ಒಂದು ದಿನ ತಪ್ಪಿಸಿದಾಗ ಕಾಲು ಹೆಂಗೆ ಊದಿತ್ತು ಮರೆತ್ರಾ?”

“ನಂಗೋಸ್ಕರ ಅಷ್ಟು ಮಾಡ್ದ ಮನುಷ್ಯ ಕಣೇ. ಹೋಗೇ.”

“ಅದಕ್ಕೇ ಅತ್ತೆ, ಹೋಗಕ್ಕಾಗಲ್ಲ” ಅಂದೆ.

ಯಜಮಾನರು ಆರೂ ಮಗ್ಗ ನಿಲ್ಲಿಸಿದರು. ಶೆಡ್ಡು ಒಮ್ಮೆಗೇ ಸದ್ದಡಗಿತು. “ನಾನು ಹೋಗ್ತೀನಿ, ನೀವು ಆಸ್ಪತ್ರೆಗೆ ಹೊರಡಿ” ಎಂದು ಸ್ಕೂಟರ್ ತೆಗೆದರು. ತುಳಸಿಯ ಮುಂದಿನ ಸೇವಂತಿಗೆ ಗಿಡದಲ್ಲಿ ಅರಳಿದ್ದಷ್ಟನ್ನೂ ಕಿತ್ತು, ಪೋಣಿಸಿ, ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟೆ. ಮೂರನೆಯ ದಿನದ ಹಾಲುತುಪ್ಪಕ್ಕೆ ನಾನೇ ಬರುತ್ತೇನೆಂದು ಅವರ ಹೆಂಡತಿಗೆ ಹೇಳಿ ಅಂದೆ. ಸ್ಕೂಟರ್ ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದೆ.

ಒಳಗೆ ಬಂದು, ಅತ್ತೆಗೆ ಎಡಗೈಯಲ್ಲಿ ಸೂಜಿ ಚುಚ್ಚಲು ಅನುಕೂಲವಾಗುವ ಸಡಿಲ ತೋಳಿನ ರವಿಕೆ ತೊಡಿಸಿದೆ. ಕುರ್ಚಿಯ ಮೇಲೆ ಕೂರಿಸಿ, ಬಾಚಣಿಗೆ ತೆಗೆದುಕೊಂಡು ಬೆನ್ನ ಹಿಂದೆ ನಿಂತೆ. ಕಣ್ಣು ಮಂಜಾಗಿ ಬೈತಲೆ ಕಾಣುತ್ತಿರಲಿಲ್ಲ.

“ಮೆಲ್ಲಗೆ ಬಾಚೇ, ಎಳೀತೈತೆ” ಅಂದರು ಅತ್ತೆ. ಸಿಕ್ಕು ಬಿಡಿಸಿ, ಮೂರೆಳೆ ಮಾಡಿ, ಹೆಣೆಯತೊಡಗಿದೆ.